ದಾನದ ಹೆಸರು, ವ್ಯಾಪಾರದ ತಕ್ಕಡಿ

ತನ್ನದಾದ ವಸ್ತುವನ್ನು ಸ್ವಪರಹಿತಕ್ಕಾಗಿ ತ್ಯಜಿಸುವುದೇ ದಾನವೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ಈ ಕಿರಿದಾದ ಲಕ್ಷಣದಲ್ಲಿ ಎರಡು ನಿಬಂಧನೆಗಳು ಅಡಗಿವೆ. ಕೊಡುವ ವಸ್ತು ಕೊಡುವವನ ಸ್ವಂತದ್ದಾಗಿರಬೇಕು. ಕೊಟ್ಟ ಬಳಿಕ ಅದರ ಮೇಲಿನ ಮಮತ್ವ ಅಳಿಯಬೇಕು. ಈ ಎರಡೂ ಇಲ್ಲದೆಡೆಯಲ್ಲಿ ದಾನದ ಹೆಸರನ್ನು ಮಾತ್ರ ಬಳಸಿಕೊಳ್ಳುವ ಒಂದು ವ್ಯವಹಾರ ಈಗ ನಮ್ಮ ಮನೆಯಂಗಳದವರೆಗೂ ಬಂದಿದೆ. ಶ್ರಾವಕರಾದ ನಾವು ಅದನ್ನು ವಿಚಾರಮಾಡಿ ನೋಡುವುದು ಉಚಿತ.

ಖ್ಯಾತ ಕ್ರೀಡಾಪಟುಗಳು ಬಳಸಿದ ಬ್ಯಾಟು, ಚೆಂಡು, ಅಂಗಿ, ಕೈಗವಸುಗಳನ್ನು ಅವರ ಹಸ್ತಾಕ್ಷರದೊಡನೆ ಮಾರುವ ಪೇಟೆ ಇಂದು ವಿಸ್ತಾರವಾಗಿ ಬೆಳೆದಿದೆ. ನಮ್ಮ ಬೆಳಗೋಡಿನ ಕಾಫಿ ಕಣದಲ್ಲಿ ಕುಳಿತ ಹುಡುಗನೂ ಕೈಯಲ್ಲಿರುವ ಫೋನಿನಿಂದಲೇ ಅಂತರ್ಜಾಲದ ಹರಾಜಿನಲ್ಲಿ ಬೆಲೆ ಕೂಗಬಲ್ಲ. ಅಂಥ ಎಷ್ಟೋ ವಸ್ತುಗಳ ಕೆಳಗೆ ‘ಬಂದ ಹಣ ಧರ್ಮಕಾರ್ಯಕ್ಕೆ’ ಎಂಬ ಒಂದು ಸಾಲು ಇರುತ್ತದೆ. ಆ ಸಾಲನ್ನು ನೋಡಿದೊಡನೆ ಕೊಳ್ಳುವವನ ಕೈ ಸಡಿಲವಾಗುತ್ತದೆ. ಸಾವಿರಕ್ಕೆ ಬೇಡವೆನಿಸಿದ್ದು ಎರಡು ಸಾವಿರಕ್ಕೆ ಬೇಕೆನಿಸುತ್ತದೆ.

ಈ ಬಗೆಯ ಮಾರಾಟವೆಲ್ಲ ಮೋಸವೆಂದು ಯಾರೂ ಭಾವಿಸಬಾರದು. ಕರ್ನಾಟಕದ ಆಟಗಾರ ಕೆ. ಎಲ್. ರಾಹುಲ್ ಅವರು 2020ರ ಏಪ್ರಿಲ್‌ನಲ್ಲಿ, ತಾವು 2019ರ ವಿಶ್ವಕಪ್‌ನಲ್ಲಿ ಆಡಿದ ಬ್ಯಾಟನ್ನೂ ತಮ್ಮ ಇತರ ಸಲಕರಣೆಗಳನ್ನೂ ಹರಾಜಿಗೆ ಕೊಟ್ಟರು. ಬ್ಯಾಟಿಗೆ 2,64,228 ರೂಪಾಯಿ ಬಂದಿತು; ಎಲ್ಲ ವಸ್ತುಗಳಿಂದ ಕೂಡಿದ ಮೊತ್ತ 7,99,553 ರೂಪಾಯಿ. ಅದು ಮಕ್ಕಳ ನೆರವಿಗಾಗಿ ದುಡಿಯುವ ಅವೇರ್ ಫೌಂಡೇಶನ್‌ಗೆಂದು ಮೊದಲೇ ಸಾರಲಾಗಿತ್ತು. 2024ರ ಆಗಸ್ಟ್‌ನಲ್ಲಿ ಅವರೂ ಅವರ ಪತ್ನಿಯೂ ವಿಪ್ಲಾ ಫೌಂಡೇಶನ್‌ಗಾಗಿ ನಡೆಸಿದ ಹರಾಜಿನಲ್ಲಿ ವಿರಾಟ್ ಕೊಹ್ಲಿಯವರ ಅಂಗಿಗೆ 40 ಲಕ್ಷ, ನಮ್ಮವರೇ ಆದ ರಾಹುಲ್ ದ್ರಾವಿಡ್ ಅವರ ಬ್ಯಾಟಿಗೆ 11 ಲಕ್ಷ ರೂಪಾಯಿ ದೊರೆತು, ಒಟ್ಟು 1.93 ಕೋಟಿ ಸಂಗ್ರಹವಾಯಿತು. ಇಲ್ಲಿ ಮಾರಿದವರು ಯಾರು, ಪಡೆಯುವವರು ಯಾರು, ಬಂದದ್ದು ಎಷ್ಟು ಎಂಬುದೆಲ್ಲ ಬಯಲಿನಲ್ಲಿದೆ.

ಆದರೆ ಒಳ್ಳೆಯ ನಾಣ್ಯ ಚಲಾವಣೆಯಲ್ಲಿದ್ದಾಗಲೇ ಖೋಟಾ ನಾಣ್ಯಕ್ಕೂ ಬೆಲೆ. ಅಮೆರಿಕದಲ್ಲಿ 1990ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ತನಿಖಾ ಸಂಸ್ಥೆಯಾದ ಎಫ್.ಬಿ.ಐ. ‘ಆಪರೇಷನ್ ಬುಲ್‌ಪೆನ್’ ಎಂಬ ಹೆಸರಿನಲ್ಲಿ ಖೋಟಾ ಹಸ್ತಾಕ್ಷರಗಳ ದೊಡ್ಡದೊಂದು ಜಾಲವನ್ನು ಭೇದಿಸಿತು. ಆಟಗಾರರ ಸಹಿಗಳು ಮಾತ್ರವಲ್ಲ, ಮದರ್ ತೆರೇಸಾ ಅವರ ಖೋಟಾ ಸಹಿಯುಳ್ಳ ಬೇಸ್‌ಬಾಲ್ ಚೆಂಡುಗಳೂ ಅಲ್ಲಿ ಸಿಕ್ಕವು. ಜೀವಮಾನವೆಲ್ಲ ದೀನರ ಸೇವೆ ಮಾಡಿದವರ ಹೆಸರೂ ಮಾರಾಟದ ಸರಕಾಯಿತು. ಪುಣ್ಯದ ಹೆಸರಿಗೆ ಪೇಟೆಯಲ್ಲಿ ಬೆಲೆಯುಂಟೆಂದು ವಂಚಕನು ಚೆನ್ನಾಗಿ ಬಲ್ಲ.

ನಮ್ಮ ಆಚಾರ್ಯರು ವ್ಯಾಪಾರಿಗಳ ಮನಸ್ಸನ್ನು ಸಮೀಪದಿಂದ ಕಂಡವರು. ಅಣುವ್ರತಗಳಿಗೆ ಅವರು ಹೇಳಿರುವ ಅತಿಚಾರಗಳಲ್ಲಿ ಈ ವಂಚನೆಯ ಒಂದೊಂದು ಅಂಗಕ್ಕೂ ಹೆಸರಿದೆ. ನಕಲಿ ವಸ್ತುವನ್ನು ಅಸಲಿಯೆಂದು ಮಾರುವುದು ಪ್ರತಿರೂಪಕವ್ಯವಹಾರ. ಇದು ಅಚೌರ್ಯವ್ರತದ ಅತಿಚಾರ. ಸುಳ್ಳು ಪ್ರಮಾಣಪತ್ರವನ್ನು ಬರೆಯುವುದು ಕೂಟಲೇಖಕ್ರಿಯೆ. ಇದು ಸತ್ಯವ್ರತದ ಅತಿಚಾರ. ಆದರೆ ವಸ್ತುವೂ ಅಸಲಿ, ಸಹಿಯೂ ಅಸಲಿ, ದಾನದ ಮಾತು ಮಾತ್ರ ಹುಸಿ ಎಂಬ ಸಂದರ್ಭವನ್ನು ಏನೆಂದು ಕರೆಯೋಣ? ಅದಕ್ಕೆ ತಕ್ಕ ಹೆಸರು ನ್ಯಾಸಾಪಹಾರ.

ನ್ಯಾಸವೆಂದರೆ ನಂಬಿ ಇಟ್ಟ ಒತ್ತೆ. ಅದರ ಅಪಹಾರವೆಂದರೆ ಬಲಾತ್ಕಾರದಿಂದ ಕಸಿಯುವುದಲ್ಲ. ಒತ್ತೆಯಿಟ್ಟವನು ಲೆಕ್ಕವನ್ನು ಮರೆತು ತನ್ನದಕ್ಕಿಂತ ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎಂದು ಒಪ್ಪಿಕೊಳ್ಳುವುದೇ ನ್ಯಾಸಾಪಹಾರವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಧನಹರಣವಾದರೂ ಇದು ಕಳ್ಳತನದ ಪಟ್ಟಿಯಲ್ಲಿಲ್ಲ, ಅಸತ್ಯದ ಪಟ್ಟಿಯಲ್ಲಿದೆ ಎಂಬುದನ್ನು ವಾಚಕರು ಗಮನಿಸಬೇಕು. ಪರರ ಅಜ್ಞಾನವನ್ನು ತಿದ್ದದೆ ಅದರ ಲಾಭ ಪಡೆಯುವುದೇ ಇಲ್ಲಿನ ದೋಷ. ಅನಾಥಾಲಯದ ಹೆಸರಿನಲ್ಲಿ ಬ್ಯಾಟನ್ನು ಮಾರಿದವನ ಸ್ಥಿತಿಯೂ ಇದೇ. ತನ್ನ ಹೆಸರಿನಲ್ಲಿ ಹಣ ಬಂದಿದೆಯೆಂದು ಆ ಅನಾಥಾಲಯಕ್ಕೆ ತಿಳಿದೇ ಇಲ್ಲ. ಆದುದರಿಂದ ಅದು ಕೇಳುವುದಿಲ್ಲ. ಕೊಂಡವನು ದೂರದವನು, ಅವನೂ ಕೇಳುವುದಿಲ್ಲ. ಇಬ್ಬರ ಮೌನವೂ ಒಬ್ಬನ ಲಾಭವಾಗುತ್ತದೆ.

‘ನಾನು ಸ್ವಲ್ಪವನ್ನಾದರೂ ಕೊಟ್ಟಿದ್ದೇನಲ್ಲ’ ಎಂಬ ಸಮಾಧಾನವೂ ಕೇಳಿಬರುತ್ತದೆ. ‘ಹಣದ ಒಂದು ಭಾಗ ಧರ್ಮಕ್ಕೆ’ ಎಂದು ಬರೆದು, ಹತ್ತು ಸಾವಿರಕ್ಕೆ ಮಾರಿ, ನೂರು ರೂಪಾಯಿ ಕೊಟ್ಟವನು ಸುಳ್ಳಾಡಿದನೇ? ಅಕ್ಷರಶಃ ಇಲ್ಲ. ಆದರೆ ನಮ್ಮ ಮಲೆನಾಡಿನ ಕಾಫಿ ವರ್ತಕರಿಗೆ ಇದರ ಉತ್ತರ ತಿಳಿದಿದೆ. ಚಿಕೋರಿ ಬೆರೆಸಿದ ಕಾಫಿಪುಡಿಯನ್ನು ಮಾರುವುದು ಅಪರಾಧವಲ್ಲ. ಆದರೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಶೇಕಡಾ ಎಷ್ಟೆಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಬೇಕೆಂಬ ಕಾನೂನಿದೆ. ಒಂದು ಲೋಟ ಕಾಫಿಗೆ ಇಷ್ಟು ಪ್ರಾಮಾಣಿಕತೆ ಬೇಕಾದರೆ, ದಾನಕ್ಕೆ ಅದಕ್ಕಿಂತ ಕಡಿಮೆ ಸಾಕೇ? ಪ್ರಮಾಣವನ್ನು ಮುಚ್ಚಿಟ್ಟ ‘ಒಂದು ಭಾಗ’ವು ಮಾತಿನಲ್ಲಿ ಸತ್ಯ, ಭಾವದಲ್ಲಿ ಮಾಯೆ. ಮಾಯೆಯು ಶಲ್ಯಗಳಲ್ಲಿ ಒಂದು, ಶಲ್ಯವಿರುವವನು ವ್ರತಿಯಾಗಲಾರನು.

ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಮೋಸಹೋದ ಕೊಳ್ಳುಗನ ಪುಣ್ಯವು ನಷ್ಟವಾಯಿತೇ? ಶುಭಪರಿಣಾಮದಿಂದ ಕೊಟ್ಟವನ ಫಲವನ್ನು ಪರರ ವಂಚನೆಯು ಅಪಹರಿಸಲಾರದು. ಬಂಧಕ್ಕೆ ಅವರವರ ಭಾವವೇ ಕಾರಣ. ಆದರೆ ‘ಅವನಿಗೆ ಹೇಗೂ ಪುಣ್ಯ ಬಂದಿತು’ ಎಂಬ ಮಾತು ಮಾರಿದವನಿಗೆ ರಕ್ಷೆಯಲ್ಲ. ನಿಜವಾದ ಪೆಟ್ಟು ಬೀಳುವುದು ಬೇರೆಡೆ. ಒಮ್ಮೆ ಮೋಸಹೋದವನು ಮರುವರ್ಷ ನಿಜವಾಗಿ ಹಸಿದವನ ಮೊರೆಯನ್ನೂ ಸಂಶಯದಿಂದ ನೋಡುತ್ತಾನೆ. ಕೈ ಮುಚ್ಚಿಕೊಳ್ಳುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳ ದಾರಿಯನ್ನೇ ಅಡ್ಡಗಟ್ಟಿದ ಈ ಕಾರ್ಯ ಬರಿಯ ಅಸತ್ಯವಲ್ಲ, ಹಿಂಸೆಯೂ ಹೌದು.

ಹಾಗಾದರೆ ಸಾರ್ವಜನಿಕ ದಾನದ ಮಾತು ಹೇಗಿರಬೇಕು? ಆದರ್ಶವನ್ನು ಹುಡುಕಲು ನಾವು ಹಾಸನ ಜಿಲ್ಲೆಯನ್ನು ದಾಟಬೇಕಿಲ್ಲ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಬುಕ್ಕರಾಯನ 1368ರ ಶಾಸನವನ್ನು ನಾವು ಮತಸಾಮರಸ್ಯದ ದಾಖಲೆಯೆಂದು ಕೊಂಡಾಡುತ್ತೇವೆ. ಅದನ್ನೊಮ್ಮೆ ಲೆಕ್ಕಪತ್ರವೆಂದೂ ಓದಬೇಕು. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತತಕ್ಕದ್ದು. ಆ ಹೊನ್ನಿನಿಂದ ಬೆಳಗೊಳದ ದೇವರ ಮೈಗಾವಲಿಗೆ ಇಪ್ಪತ್ತು ಆಳುಗಳನ್ನಿಡತಕ್ಕದ್ದು. ಮಿಕ್ಕದ್ದರಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಇದರ ಹೊಣೆ ತಿರುಮಲೆಯ ತಾತಯ್ಯನದು. ಯಾರಿಂದ, ಎಷ್ಟು, ಯಾವುದಕ್ಕೆ, ಯಾರ ಹೊಣೆ, ಎಲ್ಲವೂ ಅಲ್ಲಿದೆ. ಉಳಿದ ಹಣದ ಗತಿಯೂ ಕಲ್ಲಿನ ಮೇಲಿದೆ. ಅಂತರ್ಜಾಲದ ಮಾರಾಟಗಾರನಿಂದ ನಾವು ಕೇಳಬೇಕಾದುದು ಇಷ್ಟೇ: ಶೇಕಡಾ ಎಷ್ಟು, ಯಾವ ನೋಂದಾಯಿತ ಸಂಸ್ಥೆಗೆ, ಎಂದಿನೊಳಗೆ, ಮತ್ತು ಅದರ ರಸೀದಿ ಎಲ್ಲಿ. ಉತ್ತರ ಬಾರದಿದ್ದರೆ ಆ ಸಂಸ್ಥೆಯನ್ನೇ ನೇರವಾಗಿ ವಿಚಾರಿಸಬಹುದು. ದಿಕ್ಕುತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದಂಡವೂ ಇದೆ.

ಕೊನೆಯದಾಗಿ ಒಂದು ಮಾತು ನಮ್ಮೊಳಗಿನದು. ಹರಾಜು ಕ್ರೀಡಾವಸ್ತುಗಳಿಗೆ ಮಾತ್ರ ಸೀಮಿತವಲ್ಲ. ನಮ್ಮ ಬಸದಿಗಳಲ್ಲಿಯೂ ಅಭಿಷೇಕದ ಕಲಶಕ್ಕೆ, ಪೂಜೆಯ ಅಗ್ರಸ್ಥಾನಕ್ಕೆ ಸವಾಲು ಕೂಗುತ್ತೇವೆ. ನೆರೆದ ಸಭೆಯೆದುರು ಕೂಗಿದ ಮೊತ್ತವು ಕೂಗಿದ ಕ್ಷಣದಿಂದಲೇ ಕೂಗಿದವನದಲ್ಲ. ಅದು ಅವನಲ್ಲಿರುವ ನ್ಯಾಸ. ಹೆಸರು ಫಲಕದ ಮೇಲೆ ಏರಿ, ಹಣ ವರ್ಷಾನುಗಟ್ಟಲೆ ಬಾಕಿ ಉಳಿದರೆ, ಅದು ಹುಸಿ ದಾನದ ಬ್ಯಾಟಿಗಿಂತ ಹೇಗೆ ಭಿನ್ನ? ಅಂತೆಯೇ ಔಷಧದಾನಕ್ಕೆಂದು ಬಂದದ್ದನ್ನು ಗೋಪುರದ ಬಣ್ಣಕ್ಕೆ ಬಳಸಿದ ಟ್ರಸ್ಟು, ಕೊಟ್ಟವರು ಕೇಳಲಿಲ್ಲವೆಂದು ಸುಮ್ಮನಿದ್ದರೆ, ಪೂಜ್ಯಪಾದರ ವಿವರಣೆಯು ಅದಕ್ಕೂ ಅನ್ವಯಿಸುತ್ತದೆ.

ಆದುದರಿಂದ ಪ್ರತಿಯೊಂದು ಟ್ರಸ್ಟೂ ವರ್ಷಕ್ಕೊಮ್ಮೆ ಸವಾಲಿನ ಮೊತ್ತ, ಸಂದದ್ದು, ಬಾಕಿ, ವಿನಿಯೋಗ ಎಂಬ ನಾಲ್ಕು ಸಾಲುಗಳನ್ನು ಬಸದಿಯ ಬಾಗಿಲಲ್ಲಿ ಬರೆದು ಹಾಕಲಿ. ತಂದೆತಾಯಿಗಳು ಮಕ್ಕಳಿಗೆ ಕೊಡುವುದನ್ನು ಕಲಿಸುವಾಗಲೇ, ಕೊಡುತ್ತೇನೆಂದ ಮಾತು ಸಾಲವೆಂಬುದನ್ನೂ ಕಲಿಸಲಿ. ಕೇಳುವವರಿಲ್ಲದ ಒತ್ತೆಯನ್ನೂ ಲೆಕ್ಕ ತಪ್ಪದೆ ಹಿಂತಿರುಗಿಸುವವನೇ ಶ್ರಾವಕ.