ಕಲ್ಲಿಗೂ ಹುಟ್ಟುಗುಣ ಉಂಟೆ?

ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಗಂಗಾಧರೇಶ್ವರನ ಲಿಂಗಕ್ಕೆ ತಿಕ್ಕಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬುದು ಭಕ್ತರ ನಂಬಿಕೆ. ತುಪ್ಪಕ್ಕೂ ಬೆಣ್ಣೆಗೂ ಇರುವ ದೊಡ್ಡ ಅಂತರ ನೀರಿನದು. ಬೆಣ್ಣೆಯಲ್ಲಿ ಸುಮಾರು ಶೇ. 16ರಷ್ಟು ನೀರಿದ್ದರೆ ತುಪ್ಪದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆಯುರ್ವೇದದ ಶತಧೌತ ಘೃತವೂ ಹೀಗೆಯೇ: ತುಪ್ಪವನ್ನು ನೂರು ಸಲ ನೀರಿನಲ್ಲಿ ತೊಳೆದು ನಾದಿದರೆ ಅದು ಬೆಳ್ಳಗೆ ಮೃದುವಾದ ಮುದ್ದೆಯಾಗುತ್ತದೆ. ಶಿವಗಂಗೆಯಲ್ಲಿ ನಡೆಯುವುದು ಮಹಿಮೆಯೋ ರಸಾಯನವೋ ಎಂದು ಜಗಳವಾಡುವ ಆಸೆ ನನಗಿಲ್ಲ. ಕಾರಣ ತಿಳಿದ ಮಾತ್ರಕ್ಕೆ ಕೈಮುಗಿಯುವವರ ಭಕ್ತಿ ಕಡಿಮೆಯಾಗಬೇಕಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಕಲ್ಲು, ಜಿಡ್ಡು, ನೀರು ಮೂರೂ ಸೇರಿದಾಗ ಯಾವುದು ಯಾವುದಕ್ಕೆ ಅಂಟಬೇಕು ಎಂದು ತೀರ್ಮಾನಿಸುವುದು ಯಾವುದು? ಕಲ್ಲಿನ ಗುಣ ಎನ್ನುವುದು ಥಟ್ಟನೆ ಬರುವ ಉತ್ತರ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ನಮ್ಮ ನಾಲಿಗೆಯಲ್ಲಿ ಸದಾ ಸಿದ್ಧವಾಗಿರುತ್ತದೆ. ಮನುಷ್ಯರ ಮೇಲೆ, ಅದರಲ್ಲೂ ಅವರು ಹುಟ್ಟಿದ ಜಾತಿಯ ಮೇಲೆ ಷರಾ ಬರೆಯಲು ಅದನ್ನು ತಲೆಮಾರುಗಳಿಂದ ಬಳಸಿದ್ದೇವೆ. ಆ ಗಾದೆ ಕಲ್ಲಿನ ಮಟ್ಟಿಗೂ ನಿಜವಲ್ಲ ಎಂಬುದು ನನ್ನ ವಾದ.

ದೊಡ್ಡಬಳ್ಳಾಪುರದ ಘಾಟಿ ಸುಬ್ರಹ್ಮಣ್ಯದಲ್ಲಿ ಹರಕೆಗೆ ಹೊಸದಾಗಿ ಕಡೆದು ನೆಟ್ಟ ನಾಗರಕಲ್ಲಿಗೆ ನೀರು ಹೊಯ್ದರೆ ನೀರು ಮೈತುಂಬ ಹರಡಿಕೊಂಡು ಇಳಿಯುತ್ತದೆ. ಹಳ್ಳಿಯ ಗುಡಿಯಲ್ಲಿ ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾದ ಹನುಮಂತನ ಮೂರ್ತಿಯ ಮೇಲೆ ಅದೇ ನೀರು ಹನಿಹನಿಯಾಗಿ ಉರುಳಿಬೀಳುತ್ತದೆ. ಎರಡೂ ಒಂದೇ ಬಂಡೆಯಿಂದ ಎದ್ದ ಕಲ್ಲುಗಳಾಗಿದ್ದರೂ ಒಂದು ನೀರಿಗೆ ಒಲಿದಿದೆ, ಇನ್ನೊಂದು ಎಣ್ಣೆಗೆ. ಶಿವಗಂಗೆಯೂ ಘಾಟಿಯೂ ಇರುವ ನಮ್ಮ ಜಿಲ್ಲೆಯ ಗಟ್ಟಿ ಬಂಡೆಗಳಲ್ಲಿ ಪೆಟ್ರೋಲಿಯಂ ಇಲ್ಲ, ನಿಜ. ಆದರೆ ತೈಲಕ್ಷೇತ್ರಗಳ ವಿಜ್ಞಾನಿಗಳು ಅರ್ಧ ಶತಮಾನದಿಂದ ಬೆನ್ನುಹತ್ತಿರುವುದು ಇದೇ ಒಗಟನ್ನು. ಕಚ್ಚಾತೈಲ ಮರಳುಗಲ್ಲಿನ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಒಂದು ಬಾವಿಯಿಂದ ನೀರು ನುಗ್ಗಿಸಿ ಆ ತೈಲವನ್ನು ಇನ್ನೊಂದು ಬಾವಿಯತ್ತ ತಳ್ಳುತ್ತಾರೆ. ಜೇಡಿ ಬೆರೆತ ಕಲ್ಲಿನಿಂದ ಉಪ್ಪುನೀರಿಗಿಂತ ಸಿಹಿನೀರು ಹೆಚ್ಚು ತೈಲ ಹೊರಡಿಸುತ್ತದೆಂದು ಬರ್ನಾರ್ಡ್ ಎಂಬ ಸಂಶೋಧಕ 1967ರಲ್ಲೇ ತೋರಿಸಿದ್ದ. 1990ರ ದಶಕದಲ್ಲಿ ಅಮೆರಿಕದ ವ್ಯೋಮಿಂಗ್ ವಿಶ್ವವಿದ್ಯಾಲಯದ ನಾರ್ಮನ್ ಮಾರೋ ಮತ್ತು ಸಂಗಡಿಗರು ಇದನ್ನು ಮತ್ತೆ ಕೈಗೆತ್ತಿಕೊಂಡರು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ; ಅದನ್ನು 5 ಗ್ರಾಂಗಿಂತ ಕೆಳಕ್ಕೆ ಇಳಿಸಿದಾಗ ಎಣ್ಣೆಯನ್ನು ಹಿಡಿದುಕೊಂಡಿದ್ದ ಹಲವು ಕಲ್ಲುಗಳು ಅದನ್ನು ಬಿಟ್ಟು ನೀರನ್ನು ಅಪ್ಪುತ್ತವೆ. ಕಾರಣದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಒಂದು ಮುಖ್ಯ ವಿವರಣೆ ಹೀಗಿದೆ: ಜೇಡಿಯ ಮೈಮೇಲೆ ಋಣ ವಿದ್ಯುದಂಶ, ತೈಲದ ಆಮ್ಲಗಳ ಮೇಲೂ ಋಣ. ಅವು ಒಂದನ್ನೊಂದು ದೂಡಬೇಕಾಗಿತ್ತು. ನೀರಿನಲ್ಲಿರುವ ಧನಾತ್ಮಕ ಕ್ಯಾಲ್ಸಿಯಂ ನಡುವೆ ನಿಂತು ಎರಡನ್ನೂ ಬೆಸೆದಿರುತ್ತದೆ. ಉಪ್ಪು ಕಡಿಮೆಯಾದ ನೀರು ಬಂದಾಗ ಆ ಬೆಸುಗೆ ಸಡಿಲವಾಗುತ್ತದೆ. ನಾವು ಕಲ್ಲಿನ ಗುಣ ಎಂದುಕೊಂಡದ್ದು ಮೂರನೆಯವರೊಬ್ಬರ ಮಧ್ಯಸ್ಥಿಕೆಯಾಗಿತ್ತು. ಹಾಗಂತ ಸಿಹಿನೀರೇ ಸರ್ವರೋಗಕ್ಕೆ ಮದ್ದು ಎನ್ನುವಂತೆಯೂ ಇಲ್ಲ. ನಾರ್ವೆಯ ಎಕೋಫಿಸ್ಕ್ ತೈಲಕ್ಷೇತ್ರದ ಸುಣ್ಣಕಲ್ಲಿನಲ್ಲಿ ತೈಲ ಬಿಡಿಸಲು ನೆರವಾದದ್ದು ಸಮುದ್ರದ ಉಪ್ಪುನೀರೇ, ಅದರಲ್ಲಿರುವ ಸಲ್ಫೇಟ್.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಜೇಡಿಯ ಋಣ ವಿದ್ಯುದಂಶವೇ ಅದರ ಹುಟ್ಟುಗುಣ. ಉಪ್ಪು ಅದನ್ನು ಮುಚ್ಚಿತ್ತು, ಸಿಹಿನೀರು ತೆರೆಯಿತು, ಅಷ್ಟೇ ತಾನೆ? ಅರ್ಧ ಒಪ್ಪುತ್ತೇನೆ. ಕಲ್ಲಿನಲ್ಲಿ ಏನೂ ಇಲ್ಲವೆಂದು ಹೇಳಲಾಗದು. ಆದರೆ ಕೆಯೊಲಿನೈಟ್ ಎಂಬ ಜೇಡಿಯ ಅಂಚುಗಳು ಆಮ್ಲೀಯ ನೀರಿನಲ್ಲಿ ಧನವಾಗಿ, ಕ್ಷಾರೀಯ ನೀರಿನಲ್ಲಿ ಋಣವಾಗಿ ತಿರುಗುತ್ತವೆ. ಇನ್ನೂ ಆಳಕ್ಕೆ ಹೋದಲ್ಲಿಯೂ ನೀರು ತನ್ನ ಮಾತು ಸೇರಿಸುತ್ತಲೇ ಇದೆ. ವಸ್ತುವಿಗೆ ತನ್ನದೇ ಆದ ಸ್ವಭಾವ ಇಲ್ಲವೇ ಇಲ್ಲ ಎಂದ ಬೌದ್ಧ ದಾರ್ಶನಿಕ ನಾಗಾರ್ಜುನನಷ್ಟು ದೂರ ನಾನು ಹೋಗಲಾರೆ. ಇದೆ, ಆದರೆ ಒಂದು ನೆಲೆಯಿಂದ ಇದೆ ಎನ್ನುವ ಜೈನರ ಸ್ಯಾದ್ವಾದ ಈ ಪುರಾವೆಗೆ ಹತ್ತಿರವಾಗಿದೆ. ಹಾಗೆ ಹೇಳಿದರೆ ಸತ್ಯ ಸಡಿಲವಾಗುತ್ತದೆ ಎಂದು ಹೆದರಬೇಕಿಲ್ಲ. ಯಾವ ಉಪ್ಪು, ಎಷ್ಟು, ಯಾವ ಕಲ್ಲಿಗೆ ಎಂದು ಅಳೆದು ಹೇಳಬಹುದಾದ ಸತ್ಯ, ‘ಕಲ್ಲು ಎಣ್ಣೆಗೊಲಿಯುತ್ತದೆ’ ಎಂಬ ಒಂದು ಸಾಲಿಗಿಂತ ಹೆಚ್ಚು ಬಿಗಿಯಾದದ್ದು.

ಕಲ್ಲಿನ ಮಾತನ್ನು ಮನುಷ್ಯರಿಗೆ ಎಳೆದು ತರುವುದು ಸರಿಯೇ ಎಂದೂ ಕೇಳಬಹುದು. ಎಳೆದು ತಂದವರು ಹುಟ್ಟುಗುಣದ ಪಕ್ಷದವರು. ಭಗವದ್ಗೀತೆಯ 18ನೆಯ ಅಧ್ಯಾಯ ನಾಲ್ಕು ವರ್ಣಗಳ ಕರ್ಮವನ್ನು ಸ್ವಭಾವದಿಂದ ಹುಟ್ಟಿದ ಗುಣಗಳಿಗೆ ಕಟ್ಟುತ್ತದೆ; ಅದು ಜನ್ಮವಲ್ಲ, ಗುಣ ಎಂದು ಸಮರ್ಥಿಸುವವರು ಹಲವರಿದ್ದಾರೆ. ಗುಣವೆಂದೇ ಇಟ್ಟುಕೊಳ್ಳೋಣ. ಆ ಗುಣ ಯಾವ ನೀರಿನಲ್ಲಿ ಕಂಡದ್ದು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಕಲ್ಲು ಮನುಷ್ಯನ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಜಡವಸ್ತುವೇ ತನ್ನ ಗುಣ ಬಿಡುವುದಿಲ್ಲ, ಇನ್ನು ಮನುಷ್ಯ ಬಿಟ್ಟಾನೆಯೇ ಎಂಬ ವಾದದ ಊರುಗೋಲನ್ನು ಮಾತ್ರ ಕಿತ್ತುಕೊಳ್ಳುತ್ತದೆ. ಹಾಗಾದರೆ ಸುತ್ತಲ ನೀರು ಬದಲಿಸಿದರೆ ಸಾಕೇ? ಸಾಲದು. ಉಪ್ಪು ತೀರಾ ಕಡಿಮೆಯಾದರೆ ಕೆಲವು ಕಲ್ಲುಗಳಲ್ಲಿ ಜೇಡಿ ಉಬ್ಬಿ ಅಥವಾ ಕಿತ್ತುಬಂದು ರಂಧ್ರಗಳೇ ಮುಚ್ಚಿಹೋಗುತ್ತವೆ. ಕಲ್ಲಿಗೆ ಚರಿತ್ರೆಯೂ ಇದೆ. ಪ್ರಯೋಗಾಲಯದಲ್ಲಿ ತೊಳೆದು ಶುದ್ಧಮಾಡಿದ ತುಂಡು ನೆಲದಡಿಯ ಕಲ್ಲಿನಂತೆ ನಡೆದುಕೊಳ್ಳುವುದಿಲ್ಲ. ಅದನ್ನು ವಾರಗಟ್ಟಲೆ ಬಿಸಿ ಕಚ್ಚಾತೈಲದಲ್ಲಿ ನೆನೆಸಿಟ್ಟ ಮೇಲೆಯೇ ಪರೀಕ್ಷಿಸುತ್ತಾರೆ. ಊರ ಬಾವಿಯೂ ಗುಡಿಯೂ ತಲೆಮಾರುಗಳ ಕಾಲ ಮುಚ್ಚಿದ್ದ ಮನೆಯ ಮಗುವಿಗೆ ಶಾಲೆಯ ಬಾಗಿಲು ತೆರೆದ ಒಂದೆರಡು ವರ್ಷಕ್ಕೇ ‘ಇವರ ಗುಣವೇ ಇಷ್ಟು’ ಎನ್ನುವವರು ಆ ಚರಿತ್ರೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.