ಟೆಂಡರ್ ಮುಗಿದದ್ದು ಯಾರ ಹಣೆಬರಹ?

2018ರ ಜನವರಿ 15ರಂದು ಬ್ರಿಟನ್ನಿನ ಕ್ಯಾರಿಲಿಯನ್ ಕಂಪನಿ ದಿವಾಳಿ ಎದ್ದಿತು. ಕಟ್ಟಡ ಕಾಮಗಾರಿಯ ಜೊತೆಗೆ ಆಸ್ಪತ್ರೆ ಸ್ವಚ್ಛತೆ, ಶಾಲೆಗಳ ಊಟ, ಜೈಲುಗಳ ದುರಸ್ತಿಯಂಥ ಸರ್ಕಾರಿ ಹೊರಗುತ್ತಿಗೆಗಳನ್ನು ಹಿಡಿದಿದ್ದ ಕಂಪನಿ ಅದು. ಬಹುಪಾಲು ನೌಕರರು ಹೊಸ ಗುತ್ತಿಗೆದಾರರ ಕೈಕೆಳಗೆ ಹೋದರು. 2,000ಕ್ಕೂ ಹೆಚ್ಚು ಮಂದಿಗೆ ಕೆಲಸವೇ ಹೋಯಿತು. ಕಾನೂನುಬದ್ಧ ಪರಿಹಾರಕ್ಕೆ ಅವರು ಕೈಚಾಚಬೇಕಾದದ್ದು ಸರ್ಕಾರದ ರಾಷ್ಟ್ರೀಯ ವಿಮಾ ನಿಧಿಯ ಕಡೆಗೆ. ಮುಳುಗಿದ್ದು ಖಾಸಗಿ ಕಂಪನಿ. ಸಾರ್ವಜನಿಕ ಹಣ ಯಾಕೆ ಸುರಿಯಬೇಕು?

ಇದಕ್ಕೆ ಉತ್ತರ ಹುಡುಕುವಾಗ ಅಮೆರಿಕದ ದಾರ್ಶನಿಕ ರೊನಾಲ್ಡ್ ಡ್ವರ್ಕಿನ್ 1981ರಲ್ಲಿ ಮಾಡಿದ ಒಂದು ವಿಂಗಡಣೆ ನೆರವಿಗೆ ಬರುತ್ತದೆ. ಅದೃಷ್ಟದಲ್ಲಿ ಎರಡು ಬಗೆ ಎಂದರು ಅವರು. ತಿಳಿದೂ ತಿಳಿದೂ ಷೇರು ಕೊಂಡು ಕೈಸುಟ್ಟುಕೊಂಡರೆ ಅದು ಆಯ್ಕೆಯ ಅದೃಷ್ಟ, ನಷ್ಟ ಅವರವರದೇ. ನಡೆದು ಹೋಗುತ್ತಿದ್ದವನ ಮೇಲೆ ಉಲ್ಕೆ ಬಿದ್ದರೆ ಅದು ಬರಿಯ ದುರದೃಷ್ಟ, ಅಲ್ಲಿ ಸಮಾಜ ಹೆಗಲು ಕೊಡಬೇಕು. ವಿಮೆ ಇವೆರಡರ ನಡುವಿನ ಸೇತುವೆ. ಅಪಾಯಕ್ಕೆ ವಿಮೆ ಸಿಗುತ್ತಿದ್ದರೆ, ಮಾಡಿಸುವುದೋ ಬಿಡುವುದೋ ಎಂಬುದೂ ಒಂದು ಆಯ್ಕೆಯಾಗುತ್ತದೆ.

ಟೆಂಡರ್ ಮುಗಿದು ಮನೆಗೆ ಹೋಗುವ ಹೌಸ್‌ಕೀಪಿಂಗ್ ಕೆಲಸಗಾರಳನ್ನು ಯಾವ ಪಟ್ಟಿಗೆ ಸೇರಿಸುವುದು?

ನಮ್ಮ ಕಾನೂನು ಹೆಚ್ಚುಕಡಿಮೆ ಮೊದಲನೆಯದಕ್ಕೆ ಸೇರಿಸಿದೆ. 1984ರಲ್ಲಿ ಕೈಗಾರಿಕಾ ವಿವಾದ ಕಾಯ್ದೆಗೆ ಒಂದು ಉಪವಿಧಿ ಬಂತು: ಉದ್ಯೋಗದ ಕರಾರು ನವೀಕರಣವಾಗದೆ ಕೆಲಸ ಹೋದರೆ ಅದು ‘ರಿಟ್ರೆಂಚ್‌ಮೆಂಟ್’ ಅಲ್ಲ. ಹಾಗಾಗಿ ವರ್ಷಕ್ಕೆ 15 ದಿನದ ಸಂಬಳದ ಪರಿಹಾರವೂ ಇಲ್ಲ. ಅವಧಿ ಗೊತ್ತಿದ್ದೇ ಸಹಿ ಹಾಕಿದೆಯಲ್ಲ ಎಂಬುದು ಇದರ ಹಿಂದಿನ ತರ್ಕ. ಆದರೆ ಅವಳು ಸಹಿ ಹಾಕಿದ್ದು ಏಜೆನ್ಸಿಯ ಕಾಗದಕ್ಕೆ. ಏಜೆನ್ಸಿ ಮತ್ತು ಆಸ್ಪತ್ರೆಯ ನಡುವಿನ ಒಪ್ಪಂದವನ್ನು ಅವಳು ಕಣ್ಣಲ್ಲೂ ಕಂಡಿರುವುದಿಲ್ಲ. ಅದು ಮುರಿದರೆ ಅವಳ ಪಾಲಿಗೆ ಉಲ್ಕೆಯೇ ಸರಿ.

ಬ್ರಿಟನ್ 2006ರ ನಿಯಮಗಳಲ್ಲಿ ಇದನ್ನು ಬಹುಮಟ್ಟಿಗೆ ಒಪ್ಪಿಕೊಂಡಿತು. ಗುತ್ತಿಗೆದಾರ ಬದಲಾದರೂ ಕೆಲಸ ಅದೇ ಆಗಿದ್ದರೆ, ಆ ಕೆಲಸಕ್ಕೆಂದೇ ಇದ್ದ ತಂಡ ಹಳೆಯ ಸೇವಾ ಷರತ್ತುಗಳ ಸಮೇತ ಹೊಸಬನ ಬಳಿಗೆ ಹೋಗುತ್ತದೆ. ನಮ್ಮಲ್ಲಿ ಸರ್ಕಾರಿ ಉಕ್ಕು ಕಂಪನಿ ‘ಸೇಲ್’ನ 2001ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗುತ್ತಿಗೆ ಪದ್ಧತಿ ನಿಷೇಧವಾದರೂ ಕಾರ್ಮಿಕರು ತಾವಾಗಿಯೇ ಮೂಲ ಸಂಸ್ಥೆಯ ನೌಕರರಾಗುವುದಿಲ್ಲ ಎಂದಿತು. ಕಾಯಂ ನೇಮಕಾತಿ ನಡೆದರೆ ಆದ್ಯತೆ ಕೊಡಿ, ವಯೋಮಿತಿ ಸಡಿಲಿಸಿ ಎಂದೂ ಹೇಳಿತು. ಸಮಾಧಾನದ ಮಾತು, ನಿಜ. ನೇಮಕಾತಿಯೇ ನಡೆಯದಿದ್ದರೆ ಆದ್ಯತೆಗೆ ಅರ್ಥವೇನು?

ಡ್ವರ್ಕಿನ್ ವಾದದಲ್ಲೂ ಒಂದು ಮುಳ್ಳಿದೆ. 1999ರಲ್ಲಿ ತತ್ವಶಾಸ್ತ್ರಜ್ಞೆ ಎಲಿಜಬೆತ್ ಆಂಡರ್ಸನ್ ಅದನ್ನು ಎತ್ತಿ ತೋರಿಸಿದರು. ನೆರವು ಕೊಡುವ ಮುನ್ನ ತಪ್ಪು ಯಾರದು ಎಂದು ವಿಚಾರಣೆ ಮಾಡುವ ಸರ್ಕಾರ, ಕೌಂಟರಿನ ಮುಂದೆ ನಿಂತವನನ್ನು ಕರುಣೆಯ ಪಾತ್ರನನ್ನಾಗಿ ಮಾಡುತ್ತದೆ. ಅವರ ಪ್ರಕಾರ ಸಮಾನತೆ ಎಂದರೆ ಅದೃಷ್ಟದ ಲೆಕ್ಕ ಚುಕ್ತಾ ಮಾಡುವುದಲ್ಲ, ಪ್ರಜೆಗಳು ಒಬ್ಬರ ಮುಂದೊಬ್ಬರು ತಲೆಯೆತ್ತಿ ನಿಲ್ಲುವಂತಿರುವುದು. ಇಬ್ಬರಲ್ಲಿ ಆಂಡರ್ಸನ್ ಮಾತೇ ಹೆಚ್ಚು ತೂಕದ್ದು: ಕೆಲಸ ಕಳೆದುಕೊಂಡವರು ನೆರವಿಗೆ ಮೊದಲು ನಿರ್ದೋಷಿಗಳೆಂದು ಸಾಬೀತು ಮಾಡಬೇಕಾಗಿ ಬರಬಾರದು.

ವಂತಿಗೆ ಕಟ್ಟಿ ಪಡೆಯುವ ವಿಮೆಯಲ್ಲಿ ಆ ಘನತೆ ಸ್ವಲ್ಪ ಉಳಿಯುತ್ತದೆ. ತಿಂಗಳಿಗೆ 16,000 ರೂಪಾಯಿ ಪಡೆಯುವವಳ ಪೇ ಸ್ಲಿಪ್‌ನಲ್ಲಿ ಇಎಸ್‌ಐಗೆಂದು 120 ರೂಪಾಯಿ ಕಡಿತವಾಗುತ್ತದೆ. 2018ರಲ್ಲಿ ಶುರುವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂಥವರಿಗೆ ನಿರುದ್ಯೋಗ ಭತ್ಯೆ ಕೊಡುತ್ತದೆ. ಮೊದಲು ದಿನದ ಸರಾಸರಿ ಸಂಬಳದ ಶೇ. 25 ಇದ್ದದ್ದು 2020ರಲ್ಲಿ ಶೇ. 50 ಆಯಿತು. ಗರಿಷ್ಠ 90 ದಿನ, ಅದೂ ಜೀವಮಾನದಲ್ಲಿ ಒಮ್ಮೆ ಮಾತ್ರ. ಟೆಂಡರ್‌ಗಳು ಮಾತ್ರ ಮತ್ತೆ ಮತ್ತೆ ಮುಗಿಯುತ್ತಲೇ ಇರುತ್ತವೆ. ಮೊದಲು ತಿದ್ದಬೇಕಾದದ್ದು ಈ ‘ಒಮ್ಮೆ ಮಾತ್ರ’ವನ್ನು.