ಸೈನಿಕನ ಭತ್ಯೆ ಮತ್ತು ಭರಣಧರ್ಮ

ಮೂಲ ವೇತನದ ಹೊರತಾಗಿ ಸೈನಿಕನಿಗೆ ಸಲ್ಲುವ ಭತ್ಯೆಗಳಲ್ಲಿ ಕೆಲವು ಅವನ ದೇಹ ಅನುಭವಿಸುವ ಅಪಾಯಕ್ಕೂ ಚಳಿಗೂ ಸರ್ಕಾರ ಕೊಡುವ ಪ್ರತಿಫಲಗಳಾಗಿರುವುದರಿಂದ, ಬೇರ್ಪಟ್ಟ ಹೆಂಡತಿಯ ಬಳಿ ಬೆಳೆಯುತ್ತಿರುವ ಮಗುವಿಗೆ ಅವುಗಳಲ್ಲಿ ಪಾಲಿದೆಯೇ ಎಂಬುದು ಧರ್ಮವಿಚಾರದ ಪ್ರಶ್ನೆಯಾಗುತ್ತದೆ. ಸಿಯಾಚಿನ್ನಿನಲ್ಲಿರುವ ಜವಾನನ ಮಾಸಿಕ ಭತ್ಯೆ 2017ರಲ್ಲಿ 14,000 ರೂಪಾಯಿಯಿಂದ 30,000ಕ್ಕೆ ಏರಿದ್ದನ್ನು ನೋಡಿದರೆ, ಇದನ್ನು ಲೆಕ್ಕಕ್ಕೆ ಹಿಡಿಯುವುದೋ ಬಿಡುವುದೋ ಎಂಬುದು ಸಣ್ಣ ಮಾತಲ್ಲ.

ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರವೆಂಬ ವ್ಯಾಖ್ಯಾನವು, ಮನುವಿನದೆನ್ನಲಾಗುವ ಒಂದು ವಿಧಿಯನ್ನು ಎತ್ತಿಕೊಳ್ಳುತ್ತದೆ. ಮುಪ್ಪಿನ ತಂದೆತಾಯಿ, ಸಾಧ್ವಿಯಾದ ಹೆಂಡತಿ, ಎಳೆಯ ಮಗು, ಇವರನ್ನು ನೂರು ಅಕಾರ್ಯಗಳನ್ನು ಮಾಡಿಯಾದರೂ ಸಲಹಬೇಕೆಂಬುದು ಅದರ ತಾತ್ಪರ್ಯ. ಹೆಂಡತಿಗೆ ಇಲ್ಲಿ ನಡತೆಯ ಷರತ್ತು ಹಾಕಿದ ಸ್ಮೃತಿಕಾರನು (ಅದರ ನ್ಯಾಯಾನ್ಯಾಯ ಬೇರೆ ಚರ್ಚೆ) ಮಗುವಿಗೆ ಯಾವ ಷರತ್ತನ್ನೂ ಹಾಕಿಲ್ಲ. ಗಳಿಕೆ ಅಡ್ಡದಾರಿಯದಾದರೂ ಹೊಣೆ ತಪ್ಪದೆಂದ ಮೇಲೆ, ಕಷ್ಟಪಟ್ಟು ಗಳಿಸಿದ್ದೆಂಬ ಕಾರಣಕ್ಕೆ ಅದು ತಪ್ಪುವುದು ಹೇಗೆ? ಕನ್ನಡ ಶಾಸನಗಳ ‘ನೆತ್ತರುಗೊಡಗೆ’, ಎಂದರೆ ಕಾದಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿಯೂ, ಇದೇ ನಿಲುವನ್ನು ಸೂಚಿಸುತ್ತದೆ. ಸತ್ತವನ ನೆತ್ತರಿನಲ್ಲಿ ಪಾಲಿದ್ದ ಮಗುವಿಗೆ ಬದುಕಿರುವವನ ಚಳಿಯಲ್ಲಿ ಪಾಲಿಲ್ಲವೆನ್ನುವುದು ವಿಚಿತ್ರ ತರ್ಕ.

ಸಮವಸ್ತ್ರಕ್ಕೆಂದು ಬಂದು ಅದಕ್ಕೇ ಖರ್ಚಾಗುವ ಹಣದ ಮಾತು ಬೇರೆ; ಅದು ಅವನ ಗಳಿಕೆಯೇ ಅಲ್ಲ.

1950ರ ಸೇನಾ ಕಾಯ್ದೆಯ 28ನೇ ಕಲಮಿನಂತೆ ಸಿವಿಲ್ ನ್ಯಾಯಾಲಯವು ಸೈನಿಕನ ವೇತನವನ್ನಾಗಲಿ ಭತ್ಯೆಯನ್ನಾಗಲಿ ಜಪ್ತಿ ಮಾಡುವಂತಿಲ್ಲವಾದರೂ, 90 ಮತ್ತು 91ನೇ ಕಲಮುಗಳು ಹೆಂಡತಿ ಮತ್ತು ಮಗುವಿನ ಜೀವನಾಂಶಕ್ಕಾಗಿ ಆ ಎರಡರಿಂದಲೂ ಕಡಿತಮಾಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೂ ಅದು ಗೊತ್ತುಪಡಿಸಿದ ಅಧಿಕಾರಿಗೂ ಕೊಡುತ್ತವೆ, ಮತ್ತು ವಿವಾಹದ ಹೊರಗೆ ಹುಟ್ಟಿದ ಮಗುವನ್ನೂ ಹೆಸರಿಸಿಯೇ ಒಳಗೊಳ್ಳುತ್ತವೆ. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ತವರಿಗೆ ಮರಳಿದ ತಾಯಿಯೊಬ್ಬಳು ಗಂಡ ನಿಯುಕ್ತನಾಗಿರುವ ದೂರದ ಗಡಿಗೆ ಅಲೆಯಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಡಿ ತಾನು ವಾಸವಿರುವ ಜಿಲ್ಲೆಯಲ್ಲೇ ಜೀವನಾಂಶದ ಅರ್ಜಿ ಹಾಕಬಹುದು. ನಿಜವಾದ ತೊಡಕಿರುವುದು ಭತ್ಯೆಯ ಅಸ್ಥಿರತೆಯಲ್ಲಿ: ಸಿಯಾಚಿನ್ನಿನಿಂದ ಇಳಿದು, ಸೈನಿಕರು ಪೀಸ್ ಸ್ಟೇಷನ್ ಎನ್ನುವ ಶಾಂತ ನೆಲೆಗೆ ಬಂದವನ ಆದಾಯ ಮರುತಿಂಗಳೇ ಕುಗ್ಗುತ್ತದೆ, ಮಗುವಿನ ಶಾಲೆಯ ಶುಲ್ಕ ಕುಗ್ಗುವುದಿಲ್ಲ. ಆಗ ಮೊತ್ತವನ್ನು ಬದಲಿಸಿಕೊಡುವಂತೆ ಇಬ್ಬರಲ್ಲಿ ಯಾರು ಬೇಕಾದರೂ ಅದೇ ಸಂಹಿತೆಯ 146ನೇ ಕಲಮಿನಡಿ ಕೇಳಬಹುದು.